ಎಲ್ಲ ಗೊತ್ತಿದ್ದವರೂ ಯಾಕೆ ಒಪ್ಪುವುದಿಲ್ಲ? ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಒಂದು ಪ್ರಶ್ನೆ

ನಸುಕು:

ತುಂಬಾ ದಿನದಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಇಲ್ಲಿ ಓದಿಕೊಂಡವರಿದ್ದೀರಿ, ಸಮಾಧಾನವಾಗಿ ಮಾತಾಡುತ್ತೀರಿ. ಅದಕ್ಕೇ ಕೇಳುತ್ತಿದ್ದೇನೆ.

ನನ್ನ ಸೋದರಮಾವ ಬಾಯ್ಲರ್ ಎಂಜಿನಿಯರ್. ಮೂವತ್ತು ವರ್ಷ ಅದೇ ಕೆಲಸ. ಶಾಖ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೇಗೆ ಹೋಗುತ್ತದೆ ಅಂತ ಚಿಕ್ಕಂದಿನಲ್ಲಿ ನನಗೆ ಕಲಿಸಿದ್ದೇ ಅವರು. ಲೆಕ್ಕದಲ್ಲಿ ಒಂದು ದಶಮಾಂಶ ಆಚೀಚೆ ಆದರೂ ಬಿಡುವವರಲ್ಲ. ಆದರೆ ಭೂಮಿ ಬಿಸಿಯಾಗುತ್ತಿದೆ, ಅದಕ್ಕೆ ಮನುಷ್ಯರೇ ಕಾರಣ ಅಂದರೆ ಸಾಕು, "ಅದೆಲ್ಲ ಸುಮ್ನೆ ಹೆದರಿಸೋ ಮಾತು ಕಣೋ" ಅಂದುಬಿಡುತ್ತಾರೆ. ಹೋದ ವಾರ ಮೂರು ಗ್ರಾಫ್ ತೋರಿಸಿದೆ. ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಬೇರೆ ಮಾತು ಶುರು ಮಾಡಿದರು.

ಅರ್ಥವಾಗದೆ ಒಪ್ಪದಿದ್ದರೆ ಬೇರೆ ವಿಷಯ. ಇವರಿಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಹಾಗಿದ್ದೂ ಯಾಕೆ ಹೀಗೆ? ಇವರೊಬ್ಬರೇ ಅಲ್ಲ, ಇಂಥವರು ನನ್ನ ಸುತ್ತ ತುಂಬಾ ಜನ. ಅವರ ಮೇಲೆ ನನಗೆ ಸಿಟ್ಟಿಲ್ಲ. ಬೇಜಾರಿದೆ.

ಪುಟ್ಟ ಅಲೆ:

ನನಗನ್ನಿಸುವುದು ಇಷ್ಟೇ. ವಿಜ್ಞಾನ ಜನರಿಗೆ ಸರಿಯಾಗಿ ತಲುಪಿಲ್ಲ. ತಲುಪಿಸಿದರೆ ಒಪ್ಪುತ್ತಾರೆ. ನಿಮ್ಮ ಮಾವ ಬಾಯ್ಲರ್ ಬಲ್ಲವರಿರಬಹುದು, ಹವಾಮಾನ ಬೇರೆ ವಿಷಯ ಅಲ್ವಾ? ಇನ್ನೂ ಸರಳವಾದ ಗ್ರಾಫ್ ತೋರಿಸಿ ನೋಡಿ.

ಸಂಖ್ಯಾಪ್ರಿಯ:

ಪುಟ್ಟ ಅಲೆ ಅವರೇ, ನಾನೂ ತುಂಬಾ ವರ್ಷ ಹಾಗೇ ನಂಬಿದ್ದೆ. ಆ ನಂಬಿಕೆಯನ್ನು ಅಲುಗಾಡಿಸಿದ್ದು 2012ರಲ್ಲಿ ಬಂದ ಒಂದು ಅಧ್ಯಯನ. ಡಾನ್ ಕಹಾನ್ ಮತ್ತು ಅವರ ಜೊತೆಯವರು ಅಮೆರಿಕದಲ್ಲಿ ಸುಮಾರು 1,500 ಜನರನ್ನು ಕೇಳಿದರು. ಮೊದಲು ವಿಜ್ಞಾನದ ಪ್ರಶ್ನೆಗಳು, ಲೆಕ್ಕದ ಪ್ರಶ್ನೆಗಳು. ಆಮೇಲೆ, ಹವಾಮಾನ ಬದಲಾವಣೆಯಿಂದ ಎಷ್ಟು ಅಪಾಯ ಅನ್ನಿಸುತ್ತದೆ ಅಂತ.

ವಿಜ್ಞಾನ ಗೊತ್ತಿಲ್ಲದಿರುವುದೇ ಕಾರಣ ಆಗಿದ್ದರೆ, ಚೆನ್ನಾಗಿ ಗೊತ್ತಿದ್ದವರೆಲ್ಲ ಒಂದೇ ಉತ್ತರಕ್ಕೆ ಬರಬೇಕಿತ್ತು. ಬರಲಿಲ್ಲ. ಲೆಕ್ಕದಲ್ಲಿ ಜಾಣರಾದವರ ನಡುವೆಯೇ ಭಿನ್ನಾಭಿಪ್ರಾಯ ಎಲ್ಲರಿಗಿಂತ ಜಾಸ್ತಿ ಇತ್ತು. ಒಪ್ಪುವ ಗುಂಪಿನ ಜಾಣರು ಇನ್ನೂ ಗಟ್ಟಿಯಾಗಿ ಒಪ್ಪಿದರು. ಒಪ್ಪದ ಗುಂಪಿನ ಜಾಣರು ಇನ್ನೂ ಗಟ್ಟಿಯಾಗಿ ತಳ್ಳಿಹಾಕಿದರು.

ಯಾಕೆ ಹೀಗೆ ಅನ್ನುವುದನ್ನು ಅವರು ವಿವರಿಸಿದ ರೀತಿ ನನಗೆ ಸರಿ ಅನ್ನಿಸಿತು. ನಾನೊಬ್ಬ ಹವಾಮಾನದ ಬಗ್ಗೆ ತಪ್ಪು ತಿಳಿದುಕೊಂಡರೆ ಭೂಮಿಗೆ ಏನೂ ಆಗುವುದಿಲ್ಲ, ನಾನೊಬ್ಬ ಸರಿ ತಿಳಿದುಕೊಂಡರೂ ಏನೂ ಆಗುವುದಿಲ್ಲ. ಆದರೆ ನನ್ನ ಗೆಳೆಯರು, ಸಹೋದ್ಯೋಗಿಗಳು, ಮನೆಯವರು ಎಲ್ಲ ಒಂದು ಮಾತು ನಂಬಿರುವಾಗ ನಾನು ಇನ್ನೊಂದು ಹೇಳಿದರೆ ನಾಳೆ ಬೆಳಗ್ಗೆಯಿಂದಲೇ ನನಗೆ ತೊಂದರೆ. ಮನಸ್ಸು ಈ ಲಾಭ ನಷ್ಟ ನಮಗೆ ಹೇಳದೆಯೇ ತೂಗುತ್ತದೆ. ಬುದ್ಧಿ ಜಾಸ್ತಿ ಇದ್ದವರಿಗೆ ತಮ್ಮವರ ಪರವಾಗಿ ವಾದ ಹುಡುಕುವುದು ಇನ್ನೂ ಸುಲಭ.

ಹಾಗಾಗಿ ನಾಲ್ಕನೇ ಗ್ರಾಫ್‌ನಿಂದ ಏನೂ ಆಗುವುದಿಲ್ಲ ಅಂತ ನನಗನ್ನಿಸುತ್ತದೆ.

ಹಳೇ ಮೇಷ್ಟ್ರು:

ನಾನು ಭೌತಶಾಸ್ತ್ರ ಪಾಠ ಮಾಡಿದವನು, ಈಗ ನಿವೃತ್ತ. ಒಂದು ಹಳೇ ವಿಷಯ ಸೇರಿಸುತ್ತೇನೆ. ಈ ವಿಜ್ಞಾನ ಹುಟ್ಟಿದಾಗ ಇದರಲ್ಲಿ ಎರಡು ಗುಂಪೇ ಇರಲಿಲ್ಲ.

1856ರಲ್ಲಿ ಯೂನಿಸ್ ಫುಟ್ ಅನ್ನುವ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟರು. ಇಂಗಾಲದ ಡೈಆಕ್ಸೈಡ್ ಇದ್ದ ಕೊಳವೆ ಎಲ್ಲಕ್ಕಿಂತ ಜಾಸ್ತಿ ಕಾಯಿತು, ಆರುವುದಕ್ಕೂ ತುಂಬಾ ಹೊತ್ತು ತೆಗೆದುಕೊಂಡಿತು. ಗಾಳಿಯಲ್ಲಿ ಈ ಅನಿಲ ಜಾಸ್ತಿ ಇದ್ದರೆ ಭೂಮಿ ಬೆಚ್ಚಗಿರುತ್ತದೆ ಅಂತ ಅವರು ಆಗಲೇ ಬರೆದರು. 1859ರಲ್ಲಿ ಜಾನ್ ಟಿಂಡಲ್ ಉಪಕರಣ ಇಟ್ಟು ಅಳೆದರು. ಆಮ್ಲಜನಕ, ಸಾರಜನಕ ಶಾಖದ ಕಿರಣವನ್ನು ಹಾಗೇ ಬಿಟ್ಟುಬಿಡುತ್ತವೆ. ನೀರಾವಿ, ಇಂಗಾಲದ ಡೈಆಕ್ಸೈಡ್ ಹಿಡಿದುಕೊಳ್ಳುತ್ತವೆ. 1896ರಲ್ಲಿ ಸ್ವಾಂಟೆ ಅರೀನಿಯಸ್ ಕೈಯಲ್ಲೇ ಲೆಕ್ಕ ಹಾಕಿ, ಈ ಅನಿಲ ಎರಡು ಪಟ್ಟಾದರೆ ಭೂಮಿ 5ರಿಂದ 6 ಡಿಗ್ರಿ ಬಿಸಿಯಾದೀತು ಅಂದರು. ಈಗಿನ ಅಂದಾಜು ಸುಮಾರು 3 ಡಿಗ್ರಿ. ಕಂಪ್ಯೂಟರ್ ಇಲ್ಲದ ಕಾಲದ ಲೆಕ್ಕಕ್ಕೆ ಅದು ಸಣ್ಣ ಸಾಧನೆ ಅಲ್ಲ.

ನಸುಕು ಅವರೇ, ನಿಮ್ಮ ಮಾವನಿಗೆ ಹೇಳಬೇಕಾದ ಹೆಸರು ಇನ್ನೊಂದಿದೆ. ಗೈ ಕ್ಯಾಲೆಂಡರ್. ಬ್ರಿಟನ್ನಿನವರು. ಅವರು ಹವಾಮಾನ ವಿಜ್ಞಾನಿ ಅಲ್ಲ, ಉಗಿಯ ಮೇಲೆ ಕೆಲಸ ಮಾಡುತ್ತಿದ್ದ ಎಂಜಿನಿಯರ್. ಬಿಡುವಿನ ಹೊತ್ತಲ್ಲಿ ಜಗತ್ತಿನ ಬೇರೆ ಬೇರೆ ಕಡೆಯ 147 ಕೇಂದ್ರಗಳ ಉಷ್ಣಾಂಶದ ದಾಖಲೆ ಕೂಡಿಸಿ, ಐವತ್ತು ವರ್ಷದಲ್ಲಿ ಭೂಮಿ ಬಿಸಿಯಾಗಿದೆ, ಅದಕ್ಕೆ ನಾವು ಸುಡುತ್ತಿರುವ ಇಂಧನ ಒಂದು ಕಾರಣ ಅಂತ 1938ರಲ್ಲಿ ಹೇಳಿದರು. ದೊಡ್ಡ ದೊಡ್ಡ ಪಂಡಿತರು ನಂಬಲಿಲ್ಲ. ಕ್ಯಾಲೆಂಡರ್ ಇದನ್ನು ಕೆಟ್ಟದ್ದು ಅಂತಲೂ ಹೇಳಲಿಲ್ಲ. ಹಿಮಯುಗ ವಾಪಸ್ ಬರುವುದು ತಡವಾಗುತ್ತದೆ, ಒಳ್ಳೆಯದೇ ಆಯಿತು ಅಂದುಕೊಂಡಿದ್ದರು. ಅವರಿಗೆ ಯಾರನ್ನೂ ಹೆದರಿಸುವ ಆಸೆ ಇರಲಿಲ್ಲ. ಅಂಕಿಗಳು ಏನು ಹೇಳಿದವೋ ಅದನ್ನು ಹೇಳಿದರು.

ಪ್ರಶ್ನೆಗಾರ:

ನಾನು ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನನಗೂ ಇದು ಪೂರ್ತಿ ಒಪ್ಪಿಗೆ ಆಗಿಲ್ಲ. ಆದರೆ ನಾನು ಯಾವ ಗುಂಪಿನವನೂ ಅಲ್ಲ. ಪ್ರಶ್ನೆ ಕೇಳಿದರೆ ಸಾಕು, "ಇವನು ವಿಜ್ಞಾನ ವಿರೋಧಿ" ಅಂತ ಹಣೆಪಟ್ಟಿ ಹಚ್ಚುತ್ತಾರೆ. ಮೇಲಿನ ಚರ್ಚೆಯಲ್ಲೂ ಒಪ್ಪದವರ ಮನಸ್ಸಿನಲ್ಲಿ ಏನು ದೋಷ ಇದೆ ಅಂತ ಹುಡುಕುತ್ತಿದ್ದೀರಿ. ಅವರ ಪ್ರಶ್ನೆಗೆ ಉತ್ತರ ಎಲ್ಲಿ?

ಮನುಷ್ಯ ಹುಟ್ಟುವ ಮೊದಲೂ ಹಿಮಯುಗ ಬಂದಿದೆ, ಹೋಗಿದೆ. ಆಗ ಯಾವ ಕಾರ್ಖಾನೆ ಇತ್ತು? ಸೂರ್ಯನೇ ಕಾರಣ ಇರಬಹುದಲ್ಲ? ಜ್ವಾಲಾಮುಖಿಗಳು? 1970ರ ಸುಮಾರಿಗೆ ಇದೇ ವಿಜ್ಞಾನಿಗಳು ಹಿಮಯುಗ ಬರುತ್ತದೆ ಅನ್ನುತ್ತಿದ್ದರಂತೆ. ಅಂದಮೇಲೆ ಇವರ ಮಾತು ಎಷ್ಟು ನಂಬಬೇಕು?

ಹಳೇ ಮೇಷ್ಟ್ರು:

ನೀವು ಹೇಳಿದ್ದು ನ್ಯಾಯವಾಗಿದೆ. ಪ್ರಶ್ನೆಗೆ ಉತ್ತರ ಕೊಡದೆ ಪ್ರಶ್ನೆ ಕೇಳಿದವರ ಮನಸ್ಸು ಅಳೆಯುವುದು ಮರ್ಯಾದೆ ಅಲ್ಲ. ಕ್ಷಮಿಸಿ.

ಹಿಮಯುಗ ಬಂದು ಹೋದದ್ದು ನಿಜ. ಭೂಮಿಯ ಕಕ್ಷೆ, ಅದರ ಓರೆ ನಿಧಾನವಾಗಿ ಬದಲಾಗುತ್ತವೆ, ಅದರಿಂದ. ಇದನ್ನು ಕಂಡುಹಿಡಿದವರೂ ಇದೇ ವಿಜ್ಞಾನಿಗಳು, ಹಾಗಾಗಿ ಅವರು ಅದನ್ನು ಮರೆತಿಲ್ಲ. ಕಡೆಯ ಹಿಮಯುಗದಿಂದ ಹೊರಗೆ ಬರಲು ಭೂಮಿ ಸುಮಾರು 5 ಡಿಗ್ರಿ ಬಿಸಿಯಾಯಿತು. ಅದಕ್ಕೆ ಹಿಡಿದದ್ದು ಸುಮಾರು ಹತ್ತು ಸಾವಿರ ವರ್ಷ. ಈಗ ಒಂದು ಡಿಗ್ರಿಗಿಂತ ಜಾಸ್ತಿ ಏರಿದ್ದು ನೂರೈವತ್ತು ವರ್ಷದಲ್ಲಿ, ಅದರಲ್ಲೂ ಬಹುಪಾಲು ಕಳೆದ ಐವತ್ತು ವರ್ಷದಲ್ಲಿ. ಕಾಡಿಗೆ ಸಿಡಿಲಿನಿಂದಲೂ ಬೆಂಕಿ ಬೀಳುತ್ತದೆ. ಹಾಗಂತ ಬೆಂಕಿಕಡ್ಡಿ ಗೀರಿದವನನ್ನು ಬಿಟ್ಟುಬಿಡುವುದಿಲ್ಲ. ಪ್ರತಿ ಸಲವೂ ಈ ಬೆಂಕಿ ಹೇಗೆ ಬಿತ್ತು ಅಂತ ನೋಡಬೇಕು.

ಸೂರ್ಯನ ವಿಷಯ ನನಗೆ ತುಂಬಾ ಇಷ್ಟ, ಯಾಕೆಂದರೆ ಇದನ್ನು ಪರೀಕ್ಷೆ ಮಾಡಬಹುದು. 1978ರಿಂದ ಉಪಗ್ರಹಗಳು ಸೂರ್ಯನ ಶಾಖ ಅಳೆಯುತ್ತಿವೆ. ಹನ್ನೊಂದು ವರ್ಷಕ್ಕೊಮ್ಮೆ ಸ್ವಲ್ಪ ಏರುತ್ತದೆ, ಇಳಿಯುತ್ತದೆ, ಅಷ್ಟೇ. ಒಟ್ಟಾರೆ ಏರಿಕೆ ಇಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದು. ಸೂರ್ಯ ಜಾಸ್ತಿ ಕಾಯಿಸುತ್ತಿದ್ದರೆ ವಾತಾವರಣ ಮೇಲಿಂದ ಕೆಳಗಿನವರೆಗೂ ಬಿಸಿಯಾಗಬೇಕು. ಆದರೆ ನೆಲದ ಹತ್ತಿರದ ಗಾಳಿ ಬಿಸಿಯಾಗುತ್ತಿದೆ, ಎತ್ತರದಲ್ಲಿರುವ ಸ್ಟ್ರಾಟೋಸ್ಫಿಯರ್ ಅನ್ನುವ ಪದರ ತಣ್ಣಗಾಗುತ್ತಿದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದರೆ ಹೀಗೇ ಆಗಬೇಕು. ಇದನ್ನು ಸ್ಯುಕುರೊ ಮನಾಬೆ ಅನ್ನುವ ಹವಾಮಾನ ವಿಜ್ಞಾನಿ 1967ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. ಆಗ ಅದನ್ನು ಅಳೆದು ನೋಡುವ ಉಪಗ್ರಹವೇ ಇರಲಿಲ್ಲ. 2021ರಲ್ಲಿ ಅವರಿಗೆ ನೊಬೆಲ್ ಬಂತು.

ಜ್ವಾಲಾಮುಖಿಗಳು ವರ್ಷಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್ ನಾವು ಬಿಡುವುದರ ನೂರನೇ ಒಂದು ಭಾಗವೂ ಇಲ್ಲ. ಮತ್ತೆ ಗಾಳಿಯಲ್ಲಿರುವ ಇಂಗಾಲ ಎಲ್ಲಿಂದ ಬಂತು ಅಂತ ಆ ಇಂಗಾಲವೇ ಹೇಳುತ್ತದೆ. ಕಾರ್ಬನ್-14 ಅನ್ನುವ ಬಗೆಯ ಇಂಗಾಲ ಕಾಲ ಕಳೆದಂತೆ ಕರಗುತ್ತದೆ. 5,730 ವರ್ಷಕ್ಕೆ ಅರ್ಧ. ಕೋಟಿಗಟ್ಟಲೆ ವರ್ಷ ನೆಲದೊಳಗೆ ಇದ್ದ ಕಲ್ಲಿದ್ದಲು, ಎಣ್ಣೆಯಲ್ಲಿ ಅದು ಉಳಿದಿರುವುದೇ ಇಲ್ಲ. ನಾವು ಅವನ್ನು ಸುಟ್ಟಂತೆಲ್ಲ ಗಾಳಿಯಲ್ಲಿ ಅದರ ಪಾಲು ತೆಳುವಾಗುತ್ತಾ ಬಂತು. ಕಾರ್ಬನ್-13ರ ಪಾಲೂ ಹಾಗೇ ಇಳಿಯುತ್ತಿದೆ, ಯಾಕೆಂದರೆ ಗಿಡಮರಗಳಿಂದ ಆದ ಇಂಧನದಲ್ಲಿ ಅದು ಮೊದಲೇ ಕಮ್ಮಿ. ಜೊತೆಗೆ ಗಾಳಿಯ ಆಮ್ಲಜನಕ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತಿದೆ. ಏನೋ ಉರಿಯುತ್ತಿದೆ ಅಂತ ಅರ್ಥ.

1970ರ ಮಾತು ಬಹಳ ಜನ ಕೇಳುತ್ತಾರೆ. ಪತ್ರಿಕೆಗಳಲ್ಲಿ ಹಿಮಯುಗದ ಸುದ್ದಿ ಬಂದಿದ್ದು ಹೌದು. ಆದರೆ 1965ರಿಂದ 1979ರವರೆಗಿನ ಸಂಶೋಧನಾ ಲೇಖನಗಳನ್ನು ಆಮೇಲೆ ಎಣಿಸಿದ್ದಾರೆ. ತಣ್ಣಗಾಗುತ್ತದೆ ಅಂದವು 7. ಬಿಸಿಯಾಗುತ್ತದೆ ಅಂದವು 44.

ಪ್ರಶ್ನೆಗಾರ:

ಮೇಲಿನ ಗಾಳಿ ತಣ್ಣಗಾಗುತ್ತಿರುವುದು ನನಗೆ ನಿಜವಾಗಿ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಎಲ್ಲರೂ "ಶೇಕಡಾ 97 ವಿಜ್ಞಾನಿಗಳು ಒಪ್ಪಿದ್ದಾರೆ, ನೀವೂ ಒಪ್ಪಿ" ಅಂತ ಮಾತ್ರ ಹೇಳುತ್ತಿದ್ದರು. ನನಗೆ ಬೇಕಾಗಿದ್ದು ಕೈ ಎತ್ತಿದವರ ಲೆಕ್ಕ ಅಲ್ಲ, ಕಾರಣ.

ಮೇಷ್ಟ್ರೇ, ಓದಿ ನೋಡುತ್ತೇನೆ. ಈಗಲೇ ಒಪ್ಪಿದೆ ಅಂತ ಹೇಳುವುದಿಲ್ಲ.

ಮಿಂಚುಹುಳ:

ಪ್ರಶ್ನೆಗಾರರ ಮಾತಿಗೆ ಒಂದು ಸೇರಿಸಬೇಕು. ಆ ಪ್ರಶ್ನೆಗಳು ಅವರದೇ ಇರಬಹುದು, ಆದರೆ ಅವು ಜಗತ್ತಿನ ಎಲ್ಲ ಕಡೆ ಒಂದೇ ಮಾತಿನಲ್ಲಿ, ಒಂದೇ ಸಾಲಿನಲ್ಲಿ ಕೇಳಿಬರುವುದಕ್ಕೆ ಕಾರಣ ಇದೆ. ಅವನ್ನು ಹಣ ಕೊಟ್ಟು ಬಿತ್ತಿದ್ದಾರೆ.

1969ರಲ್ಲಿ ಅಮೆರಿಕದ ಒಂದು ತಂಬಾಕು ಕಂಪನಿಯ ಒಳಗಿನ ಪತ್ರದಲ್ಲಿ "ಸಂದೇಹವೇ ನಮ್ಮ ಉತ್ಪನ್ನ" ಅಂತ ಬರೆದಿತ್ತು. ಸಿಗರೇಟಿನಿಂದ ಕ್ಯಾನ್ಸರ್ ಬರುವುದಿಲ್ಲ ಅಂತ ಸಾಬೀತು ಮಾಡಬೇಕಾಗಿಲ್ಲ. ಬರುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ ಅನ್ನಿಸಿದರೆ ಸಾಕು. ಅದೇ ಉಪಾಯ ಆಮೇಲೆ ಇಲ್ಲಿಗೆ ಬಂತು. 1988ರಲ್ಲಿ ನಾಸಾದ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಅಮೆರಿಕದ ಸೆನೆಟ್ ಮುಂದೆ ಭೂಮಿ ಬಿಸಿಯಾಗುತ್ತಿದೆ ಅಂದರು. ಅದರ ಮರುವರ್ಷವೇ ತೈಲ, ಕಲ್ಲಿದ್ದಲು, ವಾಹನ ಉದ್ಯಮದವರು ಸೇರಿ ಗ್ಲೋಬಲ್ ಕ್ಲೈಮೇಟ್ ಕೋಯಲಿಷನ್ ಅನ್ನುವ ಕೂಟ ಕಟ್ಟಿಕೊಂಡರು. 1998ರಲ್ಲಿ ತೈಲ ಕಂಪನಿಗಳ ಸಂಘವಾದ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನಲ್ಲಿ ತಯಾರಾದ ಒಂದು ಯೋಜನೆ ಹೊರಗೆ ಬಂತು. ಹವಾಮಾನ ವಿಜ್ಞಾನದಲ್ಲಿ ಅನುಮಾನಗಳಿವೆ ಅಂತ ಸಾಮಾನ್ಯ ಜನರಿಗೆ ಅನ್ನಿಸಿದಾಗ ನಮ್ಮ ಗೆಲುವು ಅನ್ನುವುದು ಅದರ ಸಾರ.

ನನಗೆ ಹೊಟ್ಟೆ ಉರಿಯುವುದು ಯಾವುದಕ್ಕೆ ಗೊತ್ತಾ? ಎಕ್ಸಾನ್ ಅನ್ನುವ ತೈಲ ಕಂಪನಿಯ ಸ್ವಂತ ವಿಜ್ಞಾನಿಗಳು 1977ರಿಂದ ಮಾಡಿದ ಅಂದಾಜುಗಳನ್ನು 2023ರಲ್ಲಿ ಪರೀಕ್ಷಿಸಿದರು. ಅವುಗಳಲ್ಲಿ ಶೇಕಡಾ 63ರಿಂದ 83ರಷ್ಟು ಸರಿಯಾಗಿದ್ದವು. ಒಳಗೆ ಅಷ್ಟು ಚೆನ್ನಾಗಿ ಗೊತ್ತಿತ್ತು. ಹೊರಗೆ ಹೇಳಿದ್ದು, "ಇನ್ನೂ ಖಚಿತವಾಗಿಲ್ಲ". ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತೇವೆ. ಇವರು ಕಣ್ಣು ತೆರೆದುಕೊಂಡು ಕುಡಿದರು, ಮುಚ್ಚಿದ್ದು ನಮ್ಮ ಕಣ್ಣನ್ನು.

ಕಾಡುಮಲ್ಲಿಗೆ:

ಇದುವರೆಗೆ ಎಲ್ಲರೂ ಒಪ್ಪದವರ ಬಗ್ಗೆ ಮಾತಾಡಿದ್ದೀರಿ. ನಾನು ಒಪ್ಪುವವಳು. ಮೊದಲಿಂದಲೂ ಒಪ್ಪಿದ್ದೇನೆ. ಆದರೂ ನಾನೂ ನಿರ್ಲಕ್ಷ್ಯ ಮಾಡುತ್ತೇನೆ. ಅದನ್ನು ಹೇಳಲು ಕಷ್ಟವಾಗುತ್ತದೆ, ಆದರೂ ಹೇಳುತ್ತೇನೆ.

2024 ದಾಖಲೆಯಲ್ಲೇ ಅತಿ ಬಿಸಿಯಾದ ವರ್ಷ, ಕೈಗಾರಿಕೆಗಳ ಕಾಲಕ್ಕಿಂತ ಹಿಂದಿನ ಮಟ್ಟಕ್ಕೆ ಹೋಲಿಸಿದರೆ ಸುಮಾರು 1.55 ಡಿಗ್ರಿ ಜಾಸ್ತಿ ಅಂತ ವಿಶ್ವ ಹವಾಮಾನ ಸಂಸ್ಥೆ ಹೇಳಿತು. ಆ ಸುದ್ದಿ ಫೋನಿನಲ್ಲಿ ಓದಿದೆ. ಎದೆ ಒಂದು ಕ್ಷಣ ಧಸಕ್ಕೆಂದಿತು. ಆಮೇಲೆ ಬೆರಳು ತಾನಾಗಿ ಮುಂದಿನ ಸುದ್ದಿಗೆ ಹೋಯಿತು. ನನಗೆ ಎರಡು ಮಕ್ಕಳಿದ್ದಾರೆ. 2070ರಲ್ಲಿ ಅವರು ಹೇಗಿರುತ್ತಾರೆ ಅಂತ ಯೋಚನೆ ಮಾಡಲು ಕೂತರೆ ಆ ದಿನ ಬೇರೆ ಕೆಲಸ ಆಗುವುದಿಲ್ಲ. ಹಾಗಾಗಿ ಕೂರುವುದಿಲ್ಲ. ಯಾರ ಹತ್ತಿರವೂ ಈ ಮಾತು ಎತ್ತುವುದಿಲ್ಲ. ಎತ್ತಿದರೆ ನಗು ನಗುತ್ತಾ ಇದ್ದವರ ಮುಖ ಸಪ್ಪಗಾಗುತ್ತದೆ.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ಹಾಗೆ ಪ್ರತಿ ವರ್ಷ ದಾಟಿಸುತ್ತಿದ್ದೇನೆ. ನಸುಕು ಅವರೇ, ನಿಮ್ಮ ಮಾವನಿಗೂ ನನಗೂ ಜಾಸ್ತಿ ವ್ಯತ್ಯಾಸ ಇಲ್ಲ. ಅವರು "ಇಲ್ಲ" ಅನ್ನುತ್ತಾರೆ, ನಾನು "ಹೌದು" ಅನ್ನುತ್ತೇನೆ. ಆಮೇಲೆ ಇಬ್ಬರೂ ಸುಮ್ಮನಿರುತ್ತೇವೆ.

ಪುಟ್ಟ ಅಲೆ:

ಅಕ್ಕಾ, ನನ್ನದೂ ಇದೇ ಕಥೆ. ಇದನ್ನು ಯಾರೂ ಹೇಳುವುದಿಲ್ಲ.

ಸಂಖ್ಯಾಪ್ರಿಯ:

ಕಾಡುಮಲ್ಲಿಗೆ ಅಕ್ಕ ಹೇಳಿದ್ದನ್ನು ಎರಡು ಸಲ ಓದಿದೆ. ನಮ್ಮ ಚರ್ಚೆಯ ತಿರುಳು ಇದೇ ಅನ್ನಿಸುತ್ತದೆ. ಒಂದು ಹಳೇ ಪ್ರಯೋಗ ನೆನಪಾಯಿತು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

1968ರಲ್ಲಿ ಬಿಬ್ ಲಟಾನೆ, ಜಾನ್ ಡಾರ್ಲಿ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು ಮಾಡಿದ್ದು. ಒಂದು ಕೋಣೆಯಲ್ಲಿ ವಿದ್ಯಾರ್ಥಿಯೊಬ್ಬನನ್ನು ಕೂರಿಸಿ, ಒಂದಿಷ್ಟು ಪ್ರಶ್ನೆಗಳ ಹಾಳೆ ತುಂಬಲು ಕೊಟ್ಟರು. ಸ್ವಲ್ಪ ಹೊತ್ತಿಗೆ ಗೋಡೆಯ ಕಿಂಡಿಯಿಂದ ಹೊಗೆ ಬರತೊಡಗಿತು. ಒಬ್ಬನೇ ಇದ್ದಾಗ ನಾಲ್ಕರಲ್ಲಿ ಮೂರು ಮಂದಿ ಎದ್ದು ಹೋಗಿ ಹೇಳಿದರು. ಆಮೇಲೆ ಅದೇ ಕೋಣೆಯಲ್ಲಿ ಇನ್ನಿಬ್ಬರನ್ನು ಕೂರಿಸಿದರು. ಅವರು ಪ್ರಯೋಗದವರ ಕಡೆಯವರೇ. ಹೊಗೆ ಕಂಡರೂ ಕಾಣದ ಹಾಗೆ ಬರೆಯುತ್ತಾ ಇರಬೇಕು ಅಂತ ಅವರಿಗೆ ಹೇಳಿತ್ತು. ಈ ಸಲ ಎದ್ದು ಹೋಗಿ ಹೇಳಿದ್ದು ಹತ್ತರಲ್ಲಿ ಒಬ್ಬ. ಉಳಿದ ಒಂಬತ್ತು ಮಂದಿ ಕೆಮ್ಮಿದರು, ಕಣ್ಣು ಉಜ್ಜಿಕೊಂಡರು, ಕೈಯಿಂದ ಹೊಗೆ ಆಚೆ ತಳ್ಳಿದರು, ಕೂತೇ ಬರೆದರು. ಆಮೇಲೆ ಕೇಳಿದರೆ, ಅದು ಬೆಂಕಿ ಅಂತ ಅನ್ನಿಸಲಿಲ್ಲ ಅಂದರು. ಕೆಲವರು ಉಗಿ ಅಂದುಕೊಂಡಿದ್ದರು, ಕೆಲವರು ಏಸಿಯಿಂದ ಬಂದಿದ್ದು ಅಂದುಕೊಂಡಿದ್ದರು.

ಅವರು ಸುಳ್ಳು ಹೇಳಲಿಲ್ಲ ಅನ್ನುವುದನ್ನು ಗಮನಿಸಿ. ಪಕ್ಕದವರು ಕದಲದೇ ಇದ್ದಾಗ ಹೊಗೆ ಅವರ ಕಣ್ಣಿಗೆ ನಿಜವಾಗಿಯೂ ಬೇರೆ ಏನೋ ಆಗಿ ಕಂಡಿತು. ನಾವು ಸಾಕ್ಷಿಯನ್ನು ಒಬ್ಬರೇ ನೋಡುವುದಿಲ್ಲ. ಪಕ್ಕದವರ ಮುಖದಲ್ಲಿ ನೋಡುತ್ತೇವೆ.

ಈಗ ಇನ್ನೊಂದು ಅಂಕಿ. 2024ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ 125 ದೇಶಗಳ ಸುಮಾರು 1.3 ಲಕ್ಷ ಜನರನ್ನು ಕೇಳಿದರು. ಭೂಮಿ ಬಿಸಿಯಾಗುವುದನ್ನು ತಡೆಯಲು ಮನೆಯ ತಿಂಗಳ ಆದಾಯದಲ್ಲಿ ಶೇಕಡಾ 1 ಕೊಡುತ್ತೀರಾ ಅಂತ. ಕೊಡುತ್ತೇವೆ ಅಂದವರು ಶೇಕಡಾ 69. ಆಮೇಲೆ, ನಿಮ್ಮ ದೇಶದ ಬೇರೆಯವರಲ್ಲಿ ಎಷ್ಟು ಜನ ಕೊಟ್ಟಾರು ಅಂತ ಕೇಳಿದರು. ಜನರ ಅಂದಾಜು ಶೇಕಡಾ 43. ಕೋಣೆಯಲ್ಲಿರುವ ಬಹುಪಾಲು ಜನರಿಗೆ ಹೊಗೆ ಕಾಣುತ್ತಿದೆ. ಪಕ್ಕದವರಿಗೆ ಕಾಣುತ್ತಿಲ್ಲ ಅಂದುಕೊಂಡು ಎಲ್ಲರೂ ಬರೆಯುತ್ತಾ ಕೂತಿದ್ದೇವೆ.

ದೂರದ ದೀಪ:

ಹೊಗೆಯ ಪ್ರಯೋಗ ಚೆನ್ನಾಗಿದೆ. ಆದರೆ ನಮ್ಮ ಹೊಗೆ ಅದಕ್ಕಿಂತ ನಿಧಾನ. 2019ರಲ್ಲಿ ಟ್ವಿಟರ್‌ನ 200 ಕೋಟಿ ಮಾತುಗಳನ್ನು ಇಟ್ಟುಕೊಂಡು ಒಂದು ಅಧ್ಯಯನ ಮಾಡಿದ್ದರು. ಸೆಕೆ ವಿಪರೀತವಾದಾಗ ಜನ ಅದರ ಬಗ್ಗೆ ಬರೆಯುತ್ತಾರೆ. ಅದೇ ಸೆಕೆ ನಾಲ್ಕಾರು ವರ್ಷ ಮತ್ತೆ ಮತ್ತೆ ಬಂದರೆ ಬರೆಯುವುದು ನಿಲ್ಲುತ್ತದೆ. ಹಿತವಾಯಿತು ಅಂತ ಅಲ್ಲ, ಅದೇ ಮಾಮೂಲು ಆಯಿತು ಅಂತ. ಮಾಮೂಲು ಅಂದರೆ ಏನು ಅನ್ನುವುದಕ್ಕೆ ನಮ್ಮ ನೆನಪು ಹಿಂದಕ್ಕೆ ಹೋಗುವುದು ಎರಡರಿಂದ ಎಂಟು ವರ್ಷ ಅಷ್ಟೇ. ಹವಾಮಾನ ಬದಲಾಗುವುದು ಮೂವತ್ತು, ಐವತ್ತು ವರ್ಷದಲ್ಲಿ. ನಮ್ಮ ಅಳತೆಗೋಲೇ ಅದರ ಜೊತೆ ಸರಿಯುತ್ತಿದೆ.

ಅದಕ್ಕೇ ಚಾರ್ಲ್ಸ್ ಕೀಲಿಂಗ್ ಅವರ ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿ ಅಳೆಯಲು ಶುರು ಮಾಡಿದರು. ಆಗ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315. ಈಗ 420 ದಾಟಿದೆ. ಕಾರ್ಖಾನೆಗಳ ಕಾಲಕ್ಕೆ ಮೊದಲು 280 ಇತ್ತು. ನಮ್ಮ ನೆನಪು ಮಾಡಲಾಗದ ಕೆಲಸವನ್ನು ಆ ಒಂದು ಗೆರೆ ಮಾಡುತ್ತಿದೆ. 2005ರಲ್ಲಿ ಅವರು ತೀರಿಕೊಂಡರು, ಮಗ ರಾಲ್ಫ್ ಮುಂದುವರಿಸುತ್ತಿದ್ದಾರೆ.

ಮಿಂಚುಹುಳ:

ನನಗೊಂದು ಆತಂಕ. ಎಲ್ಲವನ್ನೂ ಜನರ ಮನಸ್ಸಿನ ಮೇಲೆ ಹಾಕಿಬಿಟ್ಟರೆ ದುಡ್ಡು ಮಾಡಿಕೊಂಡವರು ತಪ್ಪಿಸಿಕೊಳ್ಳುತ್ತಾರೆ. ಮನುಷ್ಯರ ಮನಸ್ಸು ಹೀಗೇ, ದೂರದ ಅಪಾಯ ಕಾಣುವುದಿಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ. ಓಜೋನ್ ವಿಷಯ ನೋಡಿ. ಸೂರ್ಯನ ಅಪಾಯಕಾರಿ ಕಿರಣಗಳನ್ನು ತಡೆಯುವ ಆ ಪದರವನ್ನು ಫ್ರಿಜ್, ಸ್ಪ್ರೇಗಳಲ್ಲಿ ಬಳಸುವ ರಾಸಾಯನಿಕಗಳು ಹಾಳು ಮಾಡುತ್ತವೆ ಅಂತ 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಅನ್ನುವ ವಿಜ್ಞಾನಿಗಳು ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಜೋನ್ ತೂತು ಬಿದ್ದಿರುವುದು ಗೊತ್ತಾಯಿತು. 1987ರಲ್ಲಿ ಆ ರಾಸಾಯನಿಕಗಳನ್ನು ಕಡಿಮೆ ಮಾಡಲು ಮಾಂಟ್ರಿಯಲ್ ಒಪ್ಪಂದ ಆಯಿತು. ಅದೂ ಕಣ್ಣಿಗೆ ಕಾಣದ ಅನಿಲ, ದೂರದ ಅಪಾಯ. ಜನರ ಮನಸ್ಸೂ ಇದೇ. ಆದರೂ ಕೆಲಸ ಆಯಿತು.

ಸಂಖ್ಯಾಪ್ರಿಯ:

ಒಪ್ಪುತ್ತೇನೆ. ಆದರೆ ಅಲ್ಲಿ ಬಿಡಬೇಕಾಗಿದ್ದು ಕೆಲವೇ ಕಂಪನಿಗಳು ಮಾಡುವ ಕೆಲವು ರಾಸಾಯನಿಕಗಳನ್ನು. ಬದಲಿಗೆ ಬೇರೆಯದು ಸಿಕ್ಕಿತು. ಇಲ್ಲಿ ಜಗತ್ತು ಬಳಸುವ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಇನ್ನೂ ಕಲ್ಲಿದ್ದಲು, ಎಣ್ಣೆ, ಅನಿಲದ್ದು. ಕಾಯಿಲೆ ಒಪ್ಪಿಕೊಂಡರೆ ಕಹಿ ಔಷಧಿಯನ್ನೂ ಒಪ್ಪಬೇಕಲ್ಲ, ಆ ಭಯಕ್ಕೆ ಕಾಯಿಲೆಯೇ ಇಲ್ಲ ಅನ್ನುತ್ತೇವೆ. 2014ರಲ್ಲಿ ಟ್ರಾಯ್ ಕ್ಯಾಂಬೆಲ್ ಮತ್ತು ಆರನ್ ಕೇ ಇದನ್ನೇ ಪರೀಕ್ಷೆ ಮಾಡಿದರು. ಸರ್ಕಾರದ ಕಟ್ಟುಪಾಡನ್ನು ಸಾಮಾನ್ಯವಾಗಿ ಇಷ್ಟಪಡದ ಅಮೆರಿಕದ ರಿಪಬ್ಲಿಕನ್ ಪಕ್ಷದವರಿಗೆ ಒಂದೇ ವಿಜ್ಞಾನವನ್ನು ಎರಡು ರೀತಿ ಹೇಳಿದರು. ಪರಿಹಾರ ಅಂದರೆ ಸರ್ಕಾರದ ಕಟ್ಟುಪಾಡು ಅಂದಾಗ ಒಪ್ಪಿದವರು ಶೇಕಡಾ 22. ಪರಿಹಾರ ಮಾರುಕಟ್ಟೆಯಿಂದಲೇ ಬರುತ್ತದೆ ಅಂದಾಗ ಶೇಕಡಾ 55. ಬದಲಾಗಿದ್ದು ಪರಿಹಾರ ಮಾತ್ರ, ಸಾಕ್ಷಿ ಅಲ್ಲ.

ನಸುಕು ಅವರೇ, ಇದನ್ನು ಓದುವಾಗ ನಿಮ್ಮ ಮಾವನೇ ಕಣ್ಣ ಮುಂದೆ ಬಂದರು. ಇದನ್ನು ಒಪ್ಪಿದರೆ ಅವರು ಏನೇನು ಕಳೆದುಕೊಳ್ಳುತ್ತಾರೆ?

ನಸುಕು:

ಹನ್ನೆರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಕ್ಷಮಿಸಿ. ನಡೆದದ್ದನ್ನು ಹೇಳಬೇಕು.

ಸಂಖ್ಯಾಪ್ರಿಯ ಅವರ ಕಡೆಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮಾವನ ಮನೆಗೆ ಹೋದೆ. ಈ ಸಲ ಗ್ರಾಫ್ ತೆಗೆದುಕೊಂಡು ಹೋಗಲಿಲ್ಲ. "ಮಾವಾ, ನಾನು ಆ ವಿಷಯ ಎತ್ತಿದಾಗೆಲ್ಲ ನಿಮಗೆ ಏನನ್ನಿಸುತ್ತದೆ?" ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಮೂವತ್ತು ವರ್ಷ ಬೆಂಕಿ ಹಚ್ಚಿದೀನಿ. ಆ ಬೆಂಕಿಯಿಂದ ಎಷ್ಟು ಮನೆಗೆ ಬೆಳಕು ಬಂತು, ಎಷ್ಟು ಜನಕ್ಕೆ ಕೆಲಸ ಸಿಕ್ತು ನಿನಗೆ ಗೊತ್ತಾ? ನಿನ್ನ ಗ್ರಾಫ್ ನೋಡಿದ್ರೆ ನಾನು ಮಾಡಿದ್ದೆಲ್ಲ ಪಾಪ ಅಂತ ಆಗತ್ತೆ" ಅಂದರು.

ನನಗೆ ಮಾತೇ ಹೊರಡಲಿಲ್ಲ. ನಾನು ಇಷ್ಟು ದಿನ ಅಂಕಿ ತೋರಿಸುತ್ತಿದ್ದೇನೆ ಅಂದುಕೊಂಡಿದ್ದೆ. ಅವರಿಗೆ ಕಾಣುತ್ತಿದ್ದದ್ದು ತೀರ್ಪು.

"ಹಾಗಲ್ಲ ಮಾವಾ, ಆ ಬೆಳಕಿನಲ್ಲೇ ನಾನು ಓದಿದ್ದು" ಅಂದೆ. ಆಮೇಲೆ ಕ್ಯಾಲೆಂಡರ್ ಕಥೆ ಹೇಳಿದೆ. ಉಗಿ ಎಂಜಿನಿಯರ್, ಬಿಡುವಿನಲ್ಲಿ ಲೆಕ್ಕ ಹಾಕಿದರು, ಬಿಸಿಯಾಗುವುದು ಒಳ್ಳೆಯದೇ ಅಂದುಕೊಂಡಿದ್ದರು ಅಂತೆಲ್ಲ. "ಉಗಿಯವನಾ?" ಅಂತ ಎರಡು ಸಲ ಕೇಳಿದರು. ಮಾತು ಅಲ್ಲಿಗೆ ನಿಂತಿತು. ನಾನೂ ಒತ್ತಾಯ ಮಾಡಲಿಲ್ಲ.

ನಿನ್ನೆ ರಾತ್ರಿ ಅವರೇ ಫೋನ್ ಮಾಡಿದರು. ಲೆಕ್ಕ ಹಾಕಿದ್ದರು. ಒಂದು ಟನ್ ಇಂಗಾಲ ಪೂರ್ತಿ ಉರಿದರೆ 3.67 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಅದು ಅವರಿಗೆ ಬಾಯಿಪಾಠ. ಜಗತ್ತು ವರ್ಷಕ್ಕೆ ಇಂಧನ ಸುಟ್ಟು ಬಿಡುವುದು ಸುಮಾರು 3,700 ಕೋಟಿ ಟನ್. ಇಡೀ ವಾತಾವರಣದ ತೂಕದಿಂದ ಲೆಕ್ಕ ಹಾಕಿದರೆ ಹತ್ತು ಲಕ್ಷಕ್ಕೆ ಒಂದು ಕಣ ಏರಲು ಸುಮಾರು 780 ಕೋಟಿ ಟನ್ ಬೇಕು. ಅಂದರೆ ವರ್ಷಕ್ಕೆ 4.7ರಷ್ಟು ಏರಬೇಕು. "ಆದರೆ ಆ ಬೆಟ್ಟದ ಮೇಲಿನವರ ಲೆಕ್ಕದಲ್ಲಿ ಏರ್ತಾ ಇರೋದು ಎರಡೂವರೆ ಅಷ್ಟೇ. ನಾವು ಬಿಟ್ಟಿದ್ದರಲ್ಲಿ ಅರ್ಧ ಎಲ್ಲಿಗೆ ಹೋಯ್ತು? ನಿಮ್ಮ ಮೇಷ್ಟ್ರನ್ನ ಕೇಳು" ಅಂದರು.

ಮೇಷ್ಟ್ರೇ, ಏನು ಹೇಳಲಿ?

ಹಳೇ ಮೇಷ್ಟ್ರು:

ನಲವತ್ತು ವರ್ಷ ಪಾಠ ಮಾಡಿದ್ದೇನೆ, ಇಷ್ಟು ಒಳ್ಳೆಯ ಪ್ರಶ್ನೆ ಕೇಳಿದವರು ಬಹಳ ಕಮ್ಮಿ. ಅವರಿಗೆ ನನ್ನ ನಮಸ್ಕಾರ ಹೇಳಿ.

ಸುಮಾರು ಕಾಲು ಭಾಗ ಸಮುದ್ರ ಕುಡಿದುಕೊಂಡಿದೆ. ಅದರಿಂದ ನೀರು ಸ್ವಲ್ಪ ಸ್ವಲ್ಪವೇ ಆಮ್ಲವಾಗುತ್ತಿದೆ. ಹೆಚ್ಚುಕಡಿಮೆ ಅಷ್ಟನ್ನೇ ಗಿಡಮರಗಳು, ಮಣ್ಣು ಹಿಡಿದಿಟ್ಟುಕೊಂಡಿವೆ. ಕಾಡು ಕಡಿಯುವುದರಿಂದ ಬರುವುದು ಅವರ ಲೆಕ್ಕದಲ್ಲಿ ಸೇರಿಲ್ಲ, ಅದನ್ನೂ ಸೇರಿಸಿ ನೋಡಲು ಹೇಳಿ. ಇವೆರಡೂ ಇನ್ನೆಷ್ಟು ವರ್ಷ ಹೀಗೇ ಹಿಡಿದುಕೊಳ್ಳುತ್ತವೆ ಅನ್ನುವುದೇ ಈಗ ವಿಜ್ಞಾನಿಗಳು ಹುಡುಕುತ್ತಿರುವ ಪ್ರಶ್ನೆ. ನಿಮ್ಮ ಮಾವ ಲೆಕ್ಕ ಹಾಕಿದ ಹಾಳೆ ಇದ್ದರೆ, ಅವರ ಅನುಮತಿ ಕೇಳಿ, ಇಲ್ಲಿ ಹಾಕಿ. ನಾನೂ ಪೆನ್ನು ತೆಗೆದುಕೊಂಡು ಕೂರುತ್ತೇನೆ.

ಪ್ರಶ್ನೆಗಾರ:

ಆ ಹಾಳೆ ನನಗೂ ಬೇಕು.